ಆನರ್ಸ್ ವರ್ಷಕ್ಕೆ ಗುರಿ ಹಾಕಿಕೊಳ್ಳುವುದು ಹೇಗೆ, ಸಂಶೋಧನೆ ಅಂದರೆ ನಿಜಕ್ಕೂ ಏನು

"ಸರ್, ಒಂದು ಟಾಪಿಕ್ ಕೊಡಿ."

ನಾಲ್ಕು ವರ್ಷದ ಪದವಿಯ ಕೊನೆಯದು ಆನರ್ಸ್ ವರ್ಷ, ಅದರಲ್ಲಿ ಸಂಶೋಧನೆಯ ಪ್ರಾಜೆಕ್ಟ್ ಮಾಡಬೇಕಾದವರು ಇರುತ್ತಾರೆ. ಏಳನೇ ಸೆಮಿಸ್ಟರ್ ಶುರುವಾದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಈ ಮಾತು ದಿನಕ್ಕೆ ನಾಲ್ಕೈದು ಸಲ ಕೇಳಿಸುತ್ತದೆ. ಕೇಳುವವರ ತಪ್ಪಲ್ಲ. ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ಪ್ರಶ್ನೆಪತ್ರಿಕೆ ಬೇರೆಯವರೇ ಕೊಟ್ಟಿದ್ದಾರೆ. ಉತ್ತರ ಬರೆಯುವುದಷ್ಟೇ ನಮ್ಮ ಕೆಲಸವಾಗಿತ್ತು. ಈಗ ಇದ್ದಕ್ಕಿದ್ದಂತೆ ಪ್ರಶ್ನೆಯನ್ನೂ ನೀವೇ ಹಾಕಿಕೊಳ್ಳಿ ಅಂದರೆ ಗಾಬರಿ ಆಗುತ್ತದೆ, ಅಲ್ವಾ? ಟಾಪಿಕ್ ಕೊಡುವುದು ನನಗೆ ಎರಡು ನಿಮಿಷದ ಕೆಲಸ. ಆದರೆ ಹಾಗೆ ಕೊಟ್ಟ ಟಾಪಿಕ್ ಎರಡು ತಿಂಗಳಲ್ಲಿ ಯಾರಿಗೂ ಬೇಡದ್ದಾಗುವುದನ್ನು ನೋಡಿ ನೋಡಿ ಈಗ ಕೊಡುವುದನ್ನೇ ಬಿಟ್ಟಿದ್ದೇನೆ. ಬದಲಿಗೆ ಕೂರಿಸಿಕೊಂಡು ಈ ಕೆಳಗಿನದನ್ನೆಲ್ಲ ಹೇಳುತ್ತೇನೆ.

ಮೊದಲು ನಿಯಮ ಓದಿ

ಬೇಜಾರಿನ ಕೆಲಸ, ಆದರೆ ಒಂದು ಸಂಜೆ ಸಾಕು.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಓದಿನ ಗಂಟೆಗಳನ್ನು ಅಳೆಯುವ ಲೆಕ್ಕ), ನಾಲ್ಕು ವರ್ಷದ ಆನರ್ಸ್‌ಗೆ 160. ನಾಲ್ಕನೇ ವರ್ಷಕ್ಕೆ ಎರಡು ದಾರಿ ಇವೆ. ಒಂದು ಬರೀ ಆನರ್ಸ್. ಇನ್ನೊಂದು ಸಂಶೋಧನೆ ಸಹಿತ ಆನರ್ಸ್. ಎರಡನೆಯದಕ್ಕೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕು. ಅದರಲ್ಲಿ 12 ಕ್ರೆಡಿಟ್‌ನ ಪ್ರಾಜೆಕ್ಟ್ ಮಾಡಿ ಡೆಸರ್ಟೇಶನ್, ಅಂದರೆ ಸಂಶೋಧನೆಯ ವರದಿ, ಬರೆಯಬೇಕು. ಬರೀ ಆನರ್ಸ್‌ನವರು ಅದೇ 12 ಕ್ರೆಡಿಟ್‌ಗೆ ಮೂರು ಕೋರ್ಸ್ ಓದುತ್ತಾರೆ.

ಕರ್ನಾಟಕದ ಕಥೆಗೆ ಒಂದು ತಿರುವಿದೆ. ಇಲ್ಲಿ 2021-22ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಯನ್ನು ಸರ್ಕಾರ 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ನಡುವೆ ಸೇರಿದ ಮೂರು ಬ್ಯಾಚ್‌ಗಳಿಗೆ ನಾಲ್ಕನೇ ವರ್ಷದ ಆಯ್ಕೆ ಉಳಿಯಿತು. ಬೆಂಗಳೂರಿನ ಐಐಎಸ್‌ಸಿಯಲ್ಲಂತೂ ನಾಲ್ಕು ವರ್ಷದ ಪದವಿ 2011ರಿಂದಲೇ ಇದೆ. ಅಲ್ಲಿ ಕೊನೆಯ ವರ್ಷದ ಮುಖ್ಯ ಕೆಲಸವೇ ಸಂಶೋಧನೆ. ಇನ್ನು ಆಸ್ಟ್ರೇಲಿಯಾಕ್ಕೆ ಹೋದ ನಮ್ಮವರ ಮಕ್ಕಳು "ಆನರ್ಸ್ ಮಾಡ್ತಿದೀನಿ" ಅಂದರೆ, ಬಹಳಷ್ಟು ವಿಷಯಗಳಲ್ಲಿ ಅದು ಮೂರು ವರ್ಷದ ಡಿಗ್ರಿ ಮುಗಿದ ಮೇಲೆ ಬೇರೆಯಾಗಿ ಸೇರುವ ಒಂದು ವರ್ಷ. ಹೆಸರು ಒಂದೇ, ಲೆಕ್ಕ ಬೇರೆ. ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಆದೇಶದ ಪ್ರತಿಯನ್ನೇ ತೆಗೆದು ಓದಿ. ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದನ್ನು ನಂಬಿ ಕೂರಬೇಡಿ.

ಯಾಕೆ ಮಾಡುತ್ತಿದ್ದೀರಿ ಅಂತ ಒಂದು ಸಾಲು ಬರೆಯಿರಿ

ಸಿಗುವ ಲಾಭವನ್ನು ನೇರವಾಗಿ ಹೇಳುತ್ತೇನೆ. ನಾಲ್ಕು ವರ್ಷದ ಪದವಿ ಆದವರಿಗೆ ಎಂಎ, ಎಂಎಸ್‌ಸಿ ಒಂದೇ ವರ್ಷದಲ್ಲಿ ಮುಗಿಸುವ ದಾರಿ ಇದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ, ಒಟ್ಟು ಶೇ. 75 ಇದ್ದರೆ ಸ್ನಾತಕೋತ್ತರ ಪದವಿ ಇಲ್ಲದೆಯೂ ಪಿಎಚ್‌ಡಿ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಎಸ್‌ಸಿ, ಎಸ್‌ಟಿ, ಒಬಿಸಿಯಂಥ ವರ್ಗಗಳಿಗೆ ಶೇ. 5ರ ರಿಯಾಯಿತಿ ಉಂಟು. 2024ರಿಂದ ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯ ಬಾಗಿಲೂ ಇವರಿಗೆ ತೆರೆದಿದೆ.

ಇದ್ಯಾವುದೂ ನಿಮಗೆ ಬೇಡವಾಗಿದ್ದರೆ, ಆರನೇ ಸೆಮಿಸ್ಟರ್‌ಗೇ ಪದವಿ ತಗೊಂಡು ಬಿಎಡ್ಡಿಗೋ ಕೆಲಸಕ್ಕೋ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. "ಫ್ರೆಂಡ್ಸೆಲ್ಲ ಸೇರಿದರು ಅಂತ ನಾನೂ ಸೇರಿದೆ" ಅನ್ನುವವರಿಗೆ ಈ ವರ್ಷ ತುಂಬ ಉದ್ದ ಅನಿಸುತ್ತದೆ.

ಸೇರುವುದು ಖಚಿತವಾದರೆ ಗುರಿ ಬರೆಯಿರಿ. ಹೆಚ್ಚಿನವರು ಬರೆಯುವುದು "ಡಿಸ್ಟಿಂಕ್ಷನ್ ತೆಗೀಬೇಕು", "ಪೇಪರ್ ಪಬ್ಲಿಷ್ ಮಾಡಬೇಕು". ಇವು ಆಸೆಗಳು. ಅಂಕ ಕೊಡುವುದು ಪರೀಕ್ಷಕರು, ಪೇಪರ್, ಅಂದರೆ ಸಂಶೋಧನಾ ಲೇಖನ, ಒಪ್ಪುವುದು ಜರ್ನಲ್ ಸಂಪಾದಕರು. ನಿಮ್ಮ ಕೈಯಲ್ಲಿರುವುದನ್ನು ಬರೆಯಿರಿ. "ಸೆಪ್ಟೆಂಬರ್ ಕೊನೆಯೊಳಗೆ 15 ಪೇಪರ್ ಓದಿ ಪ್ರತಿಯೊಂದಕ್ಕೂ ಒಂದು ಪುಟ ಟಿಪ್ಪಣಿ" ಅನ್ನುವುದು ಗುರಿ. ಆಯಿತೋ ಇಲ್ಲವೋ ಅಂತ ಸೆಪ್ಟೆಂಬರ್ 30ರ ರಾತ್ರಿ ನಿಮಗೇ ಗೊತ್ತಾಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

360 ಗಂಟೆ

ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಯುಜಿಸಿ ಲೆಕ್ಕದಲ್ಲಿ ಪ್ರಾಯೋಗಿಕ ಕೆಲಸದ ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರ್‌ಗೆ 30 ಗಂಟೆ. 12 ಕ್ರೆಡಿಟ್‌ಗೆ 360 ಗಂಟೆ. ನಾಲ್ಕನೇ ವರ್ಷದ 40 ಕ್ರೆಡಿಟ್‌ಗಳಲ್ಲಿ ಉಳಿದ 28ಕ್ಕೆ ಪಾಠ, ಇಂಟರ್ನಲ್ಸ್, ಸೆಮಿನಾರ್ ಎಲ್ಲ ಎಂದಿನಂತೆ ಇರುತ್ತವೆ. ಅಂದರೆ "ಇಡೀ ವರ್ಷ ಇದೆಯಲ್ಲ" ಅನ್ನುವುದು ಸುಳ್ಳು ಸಮಾಧಾನ. ಇರುವುದು 360 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಕೂತರೆ 45 ದಿನ.

ಸಮಾಜ ವಿಜ್ಞಾನದ ಒಂದು ಪ್ರಾಜೆಕ್ಟಿಗೆ ನಾನು ಹೀಗೆ ಹಂಚುತ್ತೇನೆ. ಪ್ರಶ್ನೆ ಹುಡುಕಲು ಮತ್ತು ಓದಲು 90 ಗಂಟೆ. ಪ್ರಶ್ನಾವಳಿ ಬರೆದು ನಾಲ್ಕು ಜನರ ಮೇಲೆ ಪರೀಕ್ಷಿಸಲು 30. ಊರೂರು ತಿರುಗಲು 90. ಎಕ್ಸೆಲ್‌ಗೆ ತುಂಬಿಸಿ ಲೆಕ್ಕ ಮಾಡಲು 60. ಬರೆಯಲು 70. ಉಳಿದ 20 ಗಂಟೆ ಜ್ವರಕ್ಕೆ, ಮದುವೆ ಮನೆಗಳಿಗೆ, ಕರೆಂಟ್ ಹೋಗುವುದಕ್ಕೆ. ಲ್ಯಾಬ್ ಕೆಲಸದವರಿಗೆ ಈ ಕೊನೆಯ ಭಾಗ ಇನ್ನೂ ಜಾಸ್ತಿ ಬೇಕು. ಬೇಕಾದ ಕೆಮಿಕಲ್ ಬರುವುದು ತಡವಾಗುತ್ತದೆ, ಬಂದ ದಿನ ಮೆಷಿನ್ ಕೆಟ್ಟಿರುತ್ತದೆ.

ಸಂಶೋಧನೆ ಅಂದರೆ ಏನು, ಏನಲ್ಲ

ಮಾಹಿತಿ ಕೂಡಿಹಾಕುವುದು ಸಂಶೋಧನೆ ಅಲ್ಲ. "ಕರ್ನಾಟಕದ ರಾಗಿ ಬೆಳೆ: ಒಂದು ಅಧ್ಯಯನ" ಅಂತ ಅರವತ್ತು ಪುಟ ಬರೆದರೆ ಅದು ಪ್ರಬಂಧ, ಚೆನ್ನಾಗಿಯೇ ಇರಬಹುದು. ಆದರೆ ಅದರಲ್ಲಿ ಪ್ರಶ್ನೆ ಇಲ್ಲ.

ನನ್ನ ಪರೀಕ್ಷೆ ಸರಳ. ನೀವು ಹುಡುಕಲು ಹೊರಟ ಉತ್ತರ ನಿಮ್ಮ ಊಹೆಗೆ ಉಲ್ಟಾ ಬರುವ ಸಾಧ್ಯತೆ ಇದೆಯಾ? ಇದ್ದರೆ ಸಂಶೋಧನೆ. "ಮಹಿಳೆಯರಿಗೆ ಶಿಕ್ಷಣ ಮುಖ್ಯ" ಅಂತ ಸಾಬೀತು ಮಾಡಲು ಹೊರಟರೆ ಉಲ್ಟಾ ಬರುವ ಮಾತೇ ಇಲ್ಲ. ಹಾಗಿದ್ದ ಮೇಲೆ ನೂರು ಜನರನ್ನು ಕೇಳಿ ಅವರ ಹೊತ್ತು ಯಾಕೆ ಹಾಳು ಮಾಡಬೇಕು?

ಹೊಸದು ಅಂದರೆ ಜಗತ್ತಿಗೆ ದೊಡ್ಡದು ಅಂತಲೂ ಅಲ್ಲ. ನಿಮ್ಮ ತಾಲ್ಲೂಕಿನ ಎರಡು ಹಳ್ಳಿಗಳ ಬಗ್ಗೆ ಈವರೆಗೆ ಯಾರಿಗೂ ಲೆಕ್ಕ ಹಾಕಿ ಗೊತ್ತಿರದ ಒಂದು ಸಂಗತಿ ನಿಮ್ಮಿಂದ ಗೊತ್ತಾದರೆ ಆನರ್ಸ್‌ಗೆ ಅಷ್ಟು ಧಾರಾಳ.

ಪ್ರಶ್ನೆಯನ್ನು ಸಣ್ಣದು ಮಾಡುವುದು

ಇಡೀ ವರ್ಷದ ಕಷ್ಟದ ಕೆಲಸ ಇದೇ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

ಅರ್ಥಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು "ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ" ಅಂತ ಬರೆದುಕೊಂಡು ಬಂದಳು ಅಂದುಕೊಳ್ಳಿ. 2023ರ ಜೂನ್ 11ರಂದು ಶುರುವಾದ ಯೋಜನೆ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ವಿಷಯ ಒಳ್ಳೆಯದೇ. ಆದರೆ ಸಬಲೀಕರಣವನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಮೊದಲ ಸುತ್ತು: ಯಾವ ಮಹಿಳೆ? ಗಾರ್ಮೆಂಟ್ಸ್‌ಗೆ ಹೋಗುವವಳಾ, ಕಾಲೇಜಿಗೆ ಹೋಗುವವಳಾ, ದೇವಸ್ಥಾನಕ್ಕೆ ಹೋಗುವ ಅಜ್ಜಿಯಾ? ಅವಳು ಯೋಚಿಸಿ, "ನಮ್ಮೂರಿಂದ ಸೊಪ್ಪು, ತರಕಾರಿ ಮಾರೋಕೆ ತಾಲ್ಲೂಕಿಗೆ ಹೋಗ್ತಾರಲ್ಲ ಸರ್, ಅವರು" ಅಂದಳು. ಒಂದು ಮುಖ ಸಿಕ್ಕಿತು.

ಎರಡನೇ ಸುತ್ತು: ಅವರ ಬದುಕಿನಲ್ಲಿ ಏನು ಬದಲಾಗಿರಬಹುದು? ವಾರಕ್ಕೆ ಹೆಚ್ಚು ಸಲ ಹೋಗುತ್ತಿರಬಹುದು. ಹತ್ತಿರದ ಸಂತೆ ಬಿಟ್ಟು ಒಳ್ಳೆಯ ಬೆಲೆ ಸಿಗುವ ದೂರದ ಮಾರುಕಟ್ಟೆಗೆ ಹೋಗುತ್ತಿರಬಹುದು. ಅಥವಾ ಏನೂ ಬದಲಾಗದೆ ಬರೀ ಟಿಕೆಟ್ ದುಡ್ಡು ಉಳಿಯುತ್ತಿರಬಹುದು. ನೋಡಿ, ಈಗ ಉತ್ತರ ಮೂರು ಕಡೆ ಹೋಗಬಹುದು.

ಮೂರನೇ ಸುತ್ತು: ಬದಲಾದದ್ದು ಬಸ್ಸಿನಿಂದಲೇ ಅಂತ ಹೇಗೆ ಗೊತ್ತು? ಮಕ್ಕಳು ದೊಡ್ಡವರಾಗಿ ಅಮ್ಮನಿಗೆ ಪುರುಸೊತ್ತು ಸಿಕ್ಕಿರಬಹುದು. ತರಕಾರಿ ಬೆಲೆ ಏರಿರಬಹುದು. ಇಲ್ಲಿ ಬೇಕಾಗುವುದು ಹೋಲಿಕೆ. ಖಾಸಗಿ ಬಸ್ ಮಾತ್ರ ಓಡುವ ಊರುಗಳೂ ನಮ್ಮಲ್ಲಿವೆ, ದಕ್ಷಿಣ ಕನ್ನಡ, ಉಡುಪಿ ಕಡೆ ಜಾಸ್ತಿ. ಖಾಸಗಿ ಬಸ್ಸಿಗೆ ಈ ಯೋಜನೆ ಇಲ್ಲ. ಹಾಗಾದರೆ ಒಂದೇ ತಾಲ್ಲೂಕಿನಲ್ಲಿ ಕೆಂಪು ಬಸ್ ಬರುವ ಒಂದು ಹಳ್ಳಿ, ಖಾಸಗಿ ಬಸ್ ಮಾತ್ರ ಬರುವ ಇನ್ನೊಂದು ಹಳ್ಳಿ ತಗೊಳ್ಳಿ. ಎರಡೂ ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಅಷ್ಟೇ ದೂರ ಇರಲಿ.

ಈಗ ಪ್ರಶ್ನೆ ಹೀಗಾಯಿತು: "ಸರ್ಕಾರಿ ಬಸ್ ಇರುವ ಹಳ್ಳಿಯ ತರಕಾರಿ ಮಾರುವ ಹೆಂಗಸರು, ಖಾಸಗಿ ಬಸ್ ಮಾತ್ರ ಇರುವ ಹಳ್ಳಿಯವರಿಗಿಂತ ವಾರಕ್ಕೆ ಹೆಚ್ಚು ಸಲ ತಾಲ್ಲೂಕು ಮಾರುಕಟ್ಟೆಗೆ ಹೋಗುತ್ತಾರಾ?" ಮೊದಲಿನ ಟಾಪಿಕ್ ಮುಂದೆ ಇದು ಬಡಪಾಯಿಯಂತೆ ಕಾಣುತ್ತದೆ. ಆದರೆ ಇದನ್ನು ಒಬ್ಬಳೇ ಹುಡುಗಿ, ಒಂದು ನೋಟ್‌ಬುಕ್ ಹಿಡಿದು, 90 ಗಂಟೆಯಲ್ಲಿ ಕೇಳಿ ಮುಗಿಸಬಹುದು. ಒಂದೊಂದು ಹಳ್ಳಿಯಲ್ಲಿ 40 ಜನ, ಒಬ್ಬೊಬ್ಬರಿಗೆ 25 ನಿಮಿಷ, ಒಟ್ಟು ಮೂವತ್ಮೂರು ಗಂಟೆ ಮಾತುಕತೆ. ಉಳಿದದ್ದು ಓಡಾಟ, ಕಾಯುವುದು, ಕಾಫಿ ಕುಡಿಯುವುದು.

ಒಂದು ಎಚ್ಚರಿಕೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿಕ್ಕವರನ್ನು ಕೇಳುವುದು ಸುಲಭ ಅನಿಸುತ್ತದೆ. ಆದರೆ ಅಲ್ಲಿ ಸಿಗುವವರೆಲ್ಲ ಓಡಾಡುವವರೇ. ಓಡಾಡುವುದನ್ನು ಬಿಟ್ಟವರು, ಹೋಗಲಾಗದವರು ಮನೆಯಲ್ಲಿದ್ದಾರೆ. ಹಳ್ಳಿಗೇ ಹೋಗಿ ಕೇಳಬೇಕು.

ಓದುವುದು

ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಇದೆಯಾ ಅಂತ ಕೇಳಿ. 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ತೆರೆಯುವ ಯೋಜನೆ ಇದು. ಎಷ್ಟೋ ವಿದ್ಯಾರ್ಥಿಗಳಿಗೆ ಇದು ಇರುವುದೇ ಗೊತ್ತಿಲ್ಲ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ವೆಬ್‌ಸೈಟ್ ಇದೆ, ಕನ್ನಡದವೂ ಸಿಗುತ್ತವೆ. ಪೇಪರ್‌ಗಳನ್ನು ಜೋಡಿಸಿಡಲು ಜೊಟೆರೊ ಅನ್ನುವ ಉಚಿತ ಸಾಫ್ಟ್‌ವೇರ್ ಮೊದಲ ದಿನವೇ ಹಾಕಿಕೊಳ್ಳಿ. ಕೊನೆಯ ವಾರ ಉಲ್ಲೇಖ ಪಟ್ಟಿ ಕೈಯಲ್ಲಿ ಟೈಪ್ ಮಾಡುವ ಕಷ್ಟ ತಪ್ಪುತ್ತದೆ.

ಪೇಪರನ್ನು ಕಾದಂಬರಿ ಥರ ಮೊದಲ ಸಾಲಿನಿಂದ ಓದಬೇಡಿ. ಮೊದಲು ಸಾರಾಂಶ, ಆಮೇಲೆ ಟೇಬಲ್‌ಗಳು, ಆಮೇಲೆ ಕೊನೆಯ ಭಾಗ. ನಿಮ್ಮ ಪ್ರಶ್ನೆಗೆ ಹತ್ತಿರ ಅನಿಸಿದರೆ ಮಾತ್ರ ಪೂರ್ತಿ. ಓದಿದ ಮೇಲೆ ಪುಸ್ತಕ ಮುಚ್ಚಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ: ಇವರು ಕೇಳಿದ್ದೇನು, ಯಾರನ್ನು ಕೇಳಿದರು, ಏನು ಸಿಕ್ಕಿತು, ನನಗೆ ಎಲ್ಲಿ ಅನುಮಾನ. ನಾಲ್ಕನೇ ಸಾಲು ಬರೆಯಲು ಬಂದ ದಿನ ನೀವು ಓದಲು ಕಲಿತಿರಿ ಅಂತ ಅರ್ಥ.

ಎಐ ಕೇಳಿ ಉಲ್ಲೇಖ ಪಟ್ಟಿ ಮಾಡಿಸುವ ಚಟ ಈಗ ಜೋರಾಗಿದೆ. ಅದು ಎಷ್ಟೋ ಸಲ ಇಲ್ಲದ ಪೇಪರಿಗೆ ಇರುವ ಲೇಖಕರ ಹೆಸರು ಹಚ್ಚಿ ಕೊಡುತ್ತದೆ. ನೀವು ಕಣ್ಣಾರೆ ತೆರೆದು ನೋಡದ ಯಾವ ಪೇಪರೂ ಪಟ್ಟಿಗೆ ಬರಕೂಡದು.

ಗೈಡ್ ಜೊತೆ

ಗೈಡ್ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ಎರಡು ವಾರಕ್ಕೊಮ್ಮೆ ಅರ್ಧ ಪುಟ ಬರೆದುಕೊಂಡು ಹೋಗಿ: ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಏನು ಕೇಳಬೇಕು. "ಮೇಡಂ, ಹೇಗೆ ಮುಂದುವರಿಸಲಿ?" ಅಂದರೆ "ಓದಿ" ಅನ್ನುತ್ತಾರೆ. "ಮೇಡಂ, ಎರಡು ಹಳ್ಳಿ ಸಾಕಾ, ನಾಲ್ಕು ಬೇಕಾ?" ಅಂದರೆ ಕುರ್ಚಿ ಎಳೆದು ಕೂತು ಮಾತಾಡುತ್ತಾರೆ. ಹೊರಡುವ ಮುಂಚೆ ಅವರು ಹೇಳಿದ್ದನ್ನು ಮೇಲ್‌ನಲ್ಲಿ ಎರಡು ಸಾಲು ಬರೆದು ಕಳಿಸಿಬಿಡಿ. ಮುಂದೆ "ನಾನು ಹಾಗೆ ಹೇಳಿರಲಿಲ್ಲ" ಅನ್ನುವ ಪ್ರಸಂಗ ಬರುವುದಿಲ್ಲ.

ಫೀಲ್ಡಿಗೆ ಇಳಿಯುವುದು

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಎಂಎ ಓದುವಾಗ 46 ಪ್ರಶ್ನೆಗಳ ಪ್ರಶ್ನಾವಳಿ ಮಾಡಿಕೊಂಡು ಒಂದು ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಮ್ಮ ಪಾಪ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು. ಒಂಬತ್ತನೇ ಪ್ರಶ್ನೆಗೆ ಬಸ್ ಬಂತು. "ಬತ್ತೀನಪ್ಪ, ಇನ್ನೊಂದಿನ ಕೇಳು" ಅಂತ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ಆ ಒಂಬತ್ತರಲ್ಲಿ ಏಳು ಹೆಸರು, ವಯಸ್ಸು, ಜಾತಿ, ಶಿಕ್ಷಣ, ಇಂಥವೇ. ಕೇಳಬೇಕಾದದ್ದನ್ನು ಕೇಳಿರಲೇ ಇಲ್ಲ. ಅವತ್ತಿನಿಂದ ಮುಖ್ಯ ಪ್ರಶ್ನೆ ಮೊದಲು, ವಯಸ್ಸು ಗಿಯಸ್ಸು ಕೊನೆಗೆ. ಒಟ್ಟು ಹದಿನೈದು ದಾಟಿಸುವುದಿಲ್ಲ.

ಇನ್ನೊಂದು, ನೆನಪನ್ನು ನಂಬುವುದು ಕಷ್ಟ. "2023ಕ್ಕೆ ಮುಂಚೆ ವಾರಕ್ಕೆ ಎಷ್ಟು ಸಲ ಹೋಗ್ತಿದ್ರಿ?" ಅಂದರೆ ಯಾರಿಗೆ ನೆನಪಿರುತ್ತದೆ? ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ. "ಟಿಕೆಟ್ ತಗೊಳ್ತಿದ್ದ ಕಾಲದಲ್ಲಿ ಸೋಮವಾರ ಹೋಗ್ತಿದ್ರಾ? ಮಂಗಳವಾರ?" ಅಂತ ದಿನ ಹಿಡಿದು ಕೇಳಿ. ಈಗಿನದನ್ನು ಕೇಳುವಾಗ "ಸಾಮಾನ್ಯವಾಗಿ" ಅನ್ನಬೇಡಿ, "ಹೋದ ವಾರ" ಅನ್ನಿ.

ಯಾರು ನೀವು, ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ. ಬೇಡ ಅಂದರೆ ಕೈ ಮುಗಿದು ಮುಂದಿನ ಮನೆಗೆ ಹೋಗಿ. ಪ್ರಶ್ನಾವಳಿಯ ಮೇಲೆ ಹೆಸರು ಬರೆಯದೆ ನಂಬರ್ ಹಾಕಿ. "ಇದರಿಂದ ನಮಗೇನಾದ್ರೂ ಸಿಗುತ್ತಾ?" ಅಂತ ಕೇಳೇ ಕೇಳುತ್ತಾರೆ. "ಇಲ್ಲಮ್ಮ, ಇದು ನನ್ನ ಓದಿಗೆ" ಅಂತ ನಿಜ ಹೇಳಿ. ಸರ್ಕಾರದ ಸರ್ವೆ ಅಂತ ತಿಳಿದರೆ ಉತ್ತರವೇ ಬದಲಾಗುತ್ತದೆ.

ಡಿಪೋದಿಂದ ಆ ಮಾರ್ಗದ ಶೂನ್ಯ ಟಿಕೆಟ್ (ಹೆಂಗಸರಿಗೆ ಕೊಡುವ ಉಚಿತ ಟಿಕೆಟ್) ಲೆಕ್ಕ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನದ ಗಡುವು. ಹಾಗಾಗಿ ಇದನ್ನು ಮೊದಲ ತಿಂಗಳೇ ಹಾಕಿ, ಬಂದರೆ ಬೋನಸ್ ಅಂತ ಇಟ್ಟುಕೊಳ್ಳಿ. ಅದನ್ನೇ ನಂಬಿಕೊಂಡು ಪ್ರಾಜೆಕ್ಟ್ ಕಟ್ಟಬೇಡಿ.

ಸಿಕ್ಕಿದ್ದಕ್ಕಿಂತ ಜಾಸ್ತಿ ಹೇಳದಿರುವುದು

ಕೆಂಪು ಬಸ್ಸಿನ ಹಳ್ಳಿಯವರು ವಾರಕ್ಕೆ ಸರಾಸರಿ 3.4 ಸಲ, ಇನ್ನೊಂದು ಹಳ್ಳಿಯವರು 2.6 ಸಲ ಹೋಗುತ್ತಾರೆ ಅಂತ ಬಂತು ಎಂದುಕೊಳ್ಳಿ. ತಕ್ಷಣ "ಶಕ್ತಿ ಯೋಜನೆಯಿಂದ ಮಹಿಳೆಯರ ಸಬಲೀಕರಣ ಆಗಿದೆ" ಅಂತ ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ನೀವು ಹೇಳಬಹುದಾದದ್ದು ಇಷ್ಟು: ಈ ಎರಡು ಹಳ್ಳಿಗಳಲ್ಲಿ, ನಾನು ಕೇಳಿದ 80 ಜನರಲ್ಲಿ, ಈ ವ್ಯತ್ಯಾಸ ಕಂಡಿತು. ಯೋಜನೆಗೂ ಮುಂಚೆ ಆ ವ್ಯತ್ಯಾಸ ಇತ್ತೇ ಅನ್ನುವುದಕ್ಕೆ ಅವರ ನೆನಪಷ್ಟೇ ಸಾಕ್ಷಿ. ಒಂದು ಹಳ್ಳಿಗೆ ದಿನಕ್ಕೆ ಹೆಚ್ಚು ಬಸ್ ಇದ್ದರೆ ಅದೂ ಕಾರಣ ಇರಬಹುದು. ಹೀಗೆ ಬರೆದರೆ ಅಂಕ ಕಡಿಮೆಯಾಗುತ್ತದೆ ಅಂತ ವಿದ್ಯಾರ್ಥಿಗಳು ಹೆದರುತ್ತಾರೆ. ಪರೀಕ್ಷಕರಾಗಿ ಕೂತಾಗ ನಾನು ಮೊದಲು ತೆರೆಯುವ ಪುಟವೇ ಇದು.

ವ್ಯತ್ಯಾಸ ಏನೂ ಸಿಗಲಿಲ್ಲವಾ? ಅದೂ ಉತ್ತರವೇ. ತಿದ್ದಲು ಹೋಗಬೇಡಿ.

ಬರೆಯುವುದು ಮತ್ತು ಕದಿಯದಿರುವುದು

ಎಲ್ಲ ಮುಗಿದ ಮೇಲೆ ಬರೆಯೋಣ ಅಂತ ಕೂರಬೇಡಿ. ವಿಧಾನದ ಅಧ್ಯಾಯವನ್ನು ಫೀಲ್ಡಿನಲ್ಲಿರುವಾಗಲೇ ಬರೆಯಿರಿ, ಆಗ ಎಲ್ಲವೂ ನೆನಪಿರುತ್ತದೆ. ಆಮೇಲೆ ಫಲಿತಾಂಶ, ಆಮೇಲೆ ಹಿಂದಿನ ಅಧ್ಯಯನಗಳು. ಪೀಠಿಕೆ ಕೊನೆಗೆ. ಫೈಲನ್ನು ಪೆನ್‌ಡ್ರೈವ್ ಒಂದರಲ್ಲೇ ಇಡಬೇಡಿ, ದಿನವೂ ನಿಮಗೇ ಮೇಲ್ ಮಾಡಿಕೊಳ್ಳಿ.

ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು. ಶೇ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಸಂಖ್ಯೆಗೆ ಹೆದರಿ ಪದ ಬದಲಿಸುತ್ತ ಕೂರುವುದು ಇನ್ನೊಂದು ಥರದ ಕಳ್ಳತನ. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಿ ಹಾಕಿದರೆ ಸಾಫ್ಟ್‌ವೇರ್ ಹಿಡಿಯದಿರಬಹುದು, ಓದುವವರು ಹಿಡಿಯುತ್ತಾರೆ. ಮೂರನೇ ಸಾಲಿನಲ್ಲೇ ದನಿ ಬದಲಾಗಿರುತ್ತದೆ.

ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಹಾಕುತ್ತೇವೆ ಅನ್ನುವ ಜರ್ನಲ್‌ಗಳ ಮೆಸೇಜ್ ಬಂದರೆ ಅಳಿಸಿ. ಒಪ್ಪಬಹುದಾದ ಜರ್ನಲ್‌ಗಳು ಯಾವುವು ಅಂತ ಹೇಳುತ್ತಿದ್ದ ತನ್ನ ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ, ಈಗ ಒಳ್ಳೆಯದು ಕೆಟ್ಟದ್ದು ನಾವೇ ನೋಡಿಕೊಳ್ಳಬೇಕು.

ವೈವಾ

ಪರೀಕ್ಷಕರ ಮುಂದೆ ಕೂತು ಬಾಯಿಮಾತಿನಲ್ಲಿ ಉತ್ತರ ಕೊಡುವ ಪರೀಕ್ಷೆ ಇದು. ಪವರ್‌ಪಾಯಿಂಟಿಗೆ ಹತ್ತು ಸ್ಲೈಡ್ ಸಾಕು. "ಇದರಲ್ಲಿ ಹೊಸದೇನು?" ಅಂತ ಕೇಳಿಯೇ ಕೇಳುತ್ತಾರೆ. ಎರಡು ವಾಕ್ಯದ ಉತ್ತರವನ್ನು ಮನೆಯಲ್ಲಿ ಅಮ್ಮನಿಗೆ ಹೇಳಿ ನೋಡಿ. ಅವರಿಗೆ ಅರ್ಥವಾದರೆ ಸರಿ ಇದೆ. ಕೇಳದ ಸಂಗತಿಯ ಬಗ್ಗೆ ಪ್ರಶ್ನೆ ಬಂದರೆ "ಅದನ್ನು ನಾನು ಕೇಳಲಿಲ್ಲ ಸರ್" ಅಂದುಬಿಡಿ, ಊಹಿಸಿ ಹೇಳಬೇಡಿ.

ಮತ್ತೆ, ತುಂಬಿದ ಪ್ರಶ್ನಾವಳಿಗಳ ಕಟ್ಟನ್ನು ಬ್ಯಾಗಿನಲ್ಲಿ ತಗೊಂಡು ಹೋಗಿ. ಕೆಲವು ಪರೀಕ್ಷಕರು ಮಧ್ಯದಿಂದ ಒಂದು ಹಾಳೆ ಎಳೆದು "ಇವರ ಬಗ್ಗೆ ಹೇಳಿ" ಅನ್ನುತ್ತಾರೆ. ಮಣ್ಣಿನ ಕಲೆ ಹತ್ತಿದ 37ನೇ ನಂಬರಿನ ಹಾಳೆ ನೋಡಿದ ತಕ್ಷಣ ಆ ಜಗುಲಿ, ಆ ಅಮ್ಮ, ಅವರು ಕೊಟ್ಟ ಮಜ್ಜಿಗೆ ನೆನಪಾಗುತ್ತದೆ. ಆಮೇಲೆ ಹತ್ತು ನಿಮಿಷ ನಿಮ್ಮ ಮಾತನ್ನು ಯಾರೂ ತಡೆಯುವುದಿಲ್ಲ.